ನಿಮ್ಮ ಪ್ರಶ್ನೆ: ತುಂಡಾದ ಆರ್‌ಎನ್‌ಎ ಜೋಡಿಸುವವರು ಯಾರು?

ಹೋದ ಸಂಚಿಕೆಯಲ್ಲಿ, ಮುರಿದ ಡಿಎನ್‌ಎ ಎಳೆಯನ್ನು ಬೆಸೆಯುವ ಡಿಎನ್‌ಎ ಲೈಗೇಸ್ ಎಂಬ ಕಿಣ್ವದ ಬಗ್ಗೆ ಬರೆಯುತ್ತಾ, ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: "ಆರ್‌ಎನ್‌ಎ ಜೋಡಿಸುವ ಲೈಗೇಸ್‌ಗಳೂ ಇವೆ, ಅವುಗಳ ಕಥೆಯೇ ಬೇರೆ." ಆ ಒಂದು ಸಾಲಿಗೆ ಬಂದ ಪತ್ರಗಳು ಉಳಿದ ಇಡೀ ಅಂಕಣಕ್ಕೆ ಬಂದ ಪತ್ರಗಳಿಗಿಂತ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ಡಿಎನ್‌ಎ ಕೊನೆತನಕ ಬೇಕಾದದ್ದು, ಮುರಿದರೆ ಜೋಡಿಸಲೇಬೇಕು, ಸರಿ. ಆದರೆ ಆರ್‌ಎನ್‌ಎ ಇವತ್ತು ಹುಟ್ಟಿ ನಾಳೆ ಹೋಗುವಂಥದ್ದು. ತುಂಡಾದರೆ ಎಸೆದು ಹೊಸದು ಮಾಡಿಕೊಂಡರೆ ಆಯಿತಲ್ಲ? ಅದಕ್ಕೂ ಒಂದು ಕಿಣ್ವ ಯಾಕೆ? (ಬಿ.ಎಸ್ಸಿ. ವಿದ್ಯಾರ್ಥಿನಿ)

ನಿಮ್ಮ ಅನುಮಾನ ಮುಕ್ಕಾಲು ಪಾಲು ಸರಿ. ಜೀವಕೋಶ ಸಾಮಾನ್ಯವಾಗಿ ಮಾಡುವುದೂ ಅದನ್ನೇ. ಪ್ರೋಟೀನ್ ತಯಾರಿಯ ಸೂಚನೆ ಹೊತ್ತು ತರುವ ಎಂಆರ್‌ಎನ್‌ಎಯನ್ನು, ಕೆಲಸ ಮುಗಿದ ಮೇಲೆ ಯಾವ ಮುಲಾಜೂ ಇಲ್ಲದೆ ಚೂರುಚೂರು ಮಾಡಿ, ಅದರ ಅಕ್ಷರಗಳನ್ನು, ಅಂದರೆ ಎಳೆಯ ಬಿಡಿ ಘಟಕಗಳನ್ನು, ಮತ್ತೆ ಬಳಸಿಕೊಳ್ಳುತ್ತದೆ.

ಉಳಿದ ಕಾಲು ಪಾಲಿನಲ್ಲಿ ಕಥೆ ಇದೆ. ಕೆಲವು ಆರ್‌ಎನ್‌ಎಗಳನ್ನು ಜೀವಕೋಶ ತಾನೇ ಬೇಕೆಂದು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಜೋಡಿಸದಿದ್ದರೆ ಅವು ಕೆಲಸಕ್ಕೇ ಬರುವುದಿಲ್ಲ. ಟಿಆರ್‌ಎನ್‌ಎ ನೋಡಿ. ಅಮೈನೋ ಆಮ್ಲವನ್ನು ಹೊತ್ತು, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ತಲುಪಿಸುವ ಪುಟ್ಟ ಆರ್‌ಎನ್‌ಎ ಅದು. 75ರಿಂದ 90 ಅಕ್ಷರ ಉದ್ದ, ಅಷ್ಟೇ. ಅದರ ಕೆಲವು ಜೀನ್‌ಗಳಲ್ಲಿ, ಸರಿಯಾಗಿ ಆಂಟಿಕೋಡಾನ್‌ನ (ಎಂಆರ್‌ಎನ್‌ಎಯ ಮೂರಕ್ಷರವನ್ನು ಗುರುತಿಸುವ ಭಾಗದ) ಪಕ್ಕದಲ್ಲೇ, ಬೇಡದ ಒಂದು ತುಂಡು ತುರುಕಿಕೊಂಡಿರುತ್ತದೆ. ಇದೇ ಇಂಟ್ರಾನ್. ಯೀಸ್ಟ್‌ನಲ್ಲಿ ಸುಮಾರು 270 ಟಿಆರ್‌ಎನ್‌ಎ ಜೀನ್‌ಗಳಿವೆ, ಅವುಗಳಲ್ಲಿ ಸುಮಾರು 60ರಲ್ಲಿ ಈ ತುಂಡು ಇದೆ.

ಒಂದು ಕಿಣ್ವ ಬಂದು ಎರಡು ಕಡೆ ಕಚಕ್ ಎಂದು ಕತ್ತರಿಸಿ ಇಂಟ್ರಾನ್ ತೆಗೆಯುತ್ತದೆ. ಈಗ ಉಳಿದದ್ದು ಎರಡು ಅರ್ಧ ಟಿಆರ್‌ಎನ್‌ಎ. ಅರ್ಧ ಬೀಗದಕೈಯಿಂದ ಬಾಗಿಲು ತೆಗೆಯಕ್ಕಾಗುತ್ತಾ? ಅವನ್ನು ಸೇರಿಸಿ ಒಂದು ಮಾಡುವುದೇ ಆರ್‌ಎನ್‌ಎ ಲೈಗೇಸ್‌ನ ಕೆಲಸ.

ಇದು ಯೀಸ್ಟ್‌ನ ತಾಪತ್ರಯ, ನಮಗೇನು ಅನ್ನಬೇಡಿ. ಮನುಷ್ಯರಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಹೊರುವ ಟಿಆರ್‌ಎನ್‌ಎ ಜೀನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇಂಟ್ರಾನ್ ಇದೆ. ಈ ಬೆಸುಗೆ ನಿಂತರೆ ಟೈರೋಸಿನ್ ಹೊರುವವರು ಇಲ್ಲವಾಗುತ್ತಾರೆ. ಟೈರೋಸಿನ್ ಬೇಕಿಲ್ಲದ ಪ್ರೋಟೀನ್ ಎಷ್ಟಿವೆ ಹೇಳಿ?

ಪ್ರಶ್ನೆ: ಲೈಗೇಸ್ ಅಂದರೆ ಗೋಂದು ಇದ್ದ ಹಾಗೆ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ನಿಜಕ್ಕೂ ಅದು ಹೇಗೆ ಅಂಟಿಸುತ್ತದೆ? (ಪಿಯುಸಿ ವಿದ್ಯಾರ್ಥಿ)

ಗೋಂದು ಅನ್ನುವ ಹೋಲಿಕೆ ನನಗೆ ಅಷ್ಟು ಹಿಡಿಸುವುದಿಲ್ಲ. ಗೋಂದಿಗೆ ಏನು ಸಿಕ್ಕರೂ ಆಯಿತು, ಕಾಗದ, ಕಟ್ಟಿಗೆ, ಬೆರಳು. ಲೈಗೇಸ್ ಹಾಗಲ್ಲ. ಅದು ಮೊದಲು ನೋಡುವುದು ತುದಿಯನ್ನು. ತುದಿ ಸರಿ ಇಲ್ಲವೋ, ಮುಟ್ಟುವುದೇ ಇಲ್ಲ.

ಆರ್‌ಎನ್‌ಎ ಎಳೆಗೆ ಎರಡು ತುದಿ. ಒಂದಕ್ಕೆ 5-ಪ್ರೈಮ್, ಇನ್ನೊಂದಕ್ಕೆ 3-ಪ್ರೈಮ್ ಅಂತ ಹೆಸರು. ಹೆಚ್ಚಿನ ಲೈಗೇಸ್‌ಗಳಿಗೆ 5-ಪ್ರೈಮ್ ತುದಿಯಲ್ಲಿ ಫಾಸ್ಫೇಟ್ ಇರಬೇಕು, ಎದುರಿನ 3-ಪ್ರೈಮ್ ತುದಿಯಲ್ಲಿ ಬರೀ ಹೈಡ್ರಾಕ್ಸಿಲ್ ಇರಬೇಕು. ಇವೆರಡು ಎದುರುಬದುರು ಕೂತರೂ ತಾವಾಗಿ ಸೇರುವುದಿಲ್ಲ. ಆ ಫಾಸ್ಫೇಟ್ ಬಲು ಸೋಮಾರಿ. ಅದನ್ನು ಯಾರಾದರೂ ಎಬ್ಬಿಸಬೇಕು.

ಎಬ್ಬಿಸುವುದಕ್ಕೆ ಜೀವಕೋಶದ ಇಂಧನವಾದ ಎಟಿಪಿ ಬೇಕು. ಲೈಗೇಸ್ ಮೊದಲು ಎಟಿಪಿಯನ್ನು ಹಿಡಿದು, ಅದರಿಂದ ಎಎಂಪಿ ಎಂಬ ಭಾಗವನ್ನು ಕಿತ್ತು ತನ್ನದೇ ಮೈಯ ಲೈಸಿನ್ ಎಂಬ ಒಂದು ಅಮೈನೋ ಆಮ್ಲಕ್ಕೆ ಅಂಟಿಸಿಕೊಳ್ಳುತ್ತದೆ. ಆಮೇಲೆ ಆ ಎಎಂಪಿಯನ್ನು ಆರ್‌ಎನ್‌ಎಯ 5-ಪ್ರೈಮ್ ಫಾಸ್ಫೇಟ್ ಮೇಲೆ ಕೂರಿಸುತ್ತದೆ. ಈಗ ಆ ತುದಿ ಚುರುಕಾಯಿತು. ಎದುರಿನ ಹೈಡ್ರಾಕ್ಸಿಲ್ ಬಂದು ಫಾಸ್ಫೇಟನ್ನು ಹಿಡಿದುಕೊಳ್ಳುತ್ತದೆ, ಎಎಂಪಿ ಕಳಚಿ ಬೀಳುತ್ತದೆ, ಎಳೆ ಒಂದಾಗುತ್ತದೆ. ಡಿಎನ್‌ಎ ಲೈಗೇಸ್‌ಗಳದ್ದೂ ಇದೇ ಮೂರು ಹೆಜ್ಜೆ.

ತುದಿಯ ವಿಷಯ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನು ಲ್ಯಾಬ್‌ಗೆ ಸೇರಿದ ಹೊಸತು. ಎರಡು ಪುಟ್ಟ ಆರ್‌ಎನ್‌ಎ ತುಂಡುಗಳನ್ನು ಜೋಡಿಸಬೇಕಿತ್ತು. ಸಂಜೆ ಎಲ್ಲ ಬೆರೆಸಿ, 16 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಜೆಲ್ ಓಡಿಸಿದೆ. ಜೆಲ್ ಅಂದರೆ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ, ಪಟ್ಟಿಗಳಾಗಿ (ಬ್ಯಾಂಡ್) ತೋರಿಸುವ ಪರೀಕ್ಷೆ. ಹಾಕಿದ ಎರಡು ಬ್ಯಾಂಡ್ ಹಾಕಿದ ಹಾಗೇ ಇವೆ. ಅವೆರಡೂ ಸೇರಿ ಮೇಲೆ ಬರಬೇಕಾದ ಉದ್ದದ ಬ್ಯಾಂಡ್ ಇಲ್ಲ. ಕಿಣ್ವ ಹಳತು ಅಂದುಕೊಂಡು ಹೊಸದು ಹಾಕಿದೆ. ಇಲ್ಲ. ಬಫರ್ ಬದಲಿಸಿದೆ. ಇಲ್ಲ. ನನ್ನ ಬೆರಳಿನಿಂದಲೇ ಆರ್‌ಎನ್‌ಎ ಕೊಳೆಯುತ್ತಿದೆಯೇನೋ ಅಂತ ಎರಡೆರಡು ಗ್ಲೌಸ್ ಹಾಕಿಕೊಂಡೆ. ಕೊಳೆತಿದ್ದರೆ ಬ್ಯಾಂಡ್ ಅಷ್ಟು ಚೊಕ್ಕವಾಗಿ ಇರುತ್ತಿರಲಿಲ್ಲ ಅನ್ನುವ ಬುದ್ಧಿ ಆಗ ಓಡಲಿಲ್ಲ. ಆರನೇ ದಿನ ಹಿರಿಯರೊಬ್ಬರು ಜೆಲ್ ಫೋಟೋ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಫಾಸ್ಫೇಟ್ ಹಾಕಿಸಿದ್ದೀಯಾ?"

ಹಾಕಿಸಿರಲಿಲ್ಲ. ರಾಸಾಯನಿಕವಾಗಿ ತಯಾರಿಸಿದ ಆರ್‌ಎನ್‌ಎ ಬೇರೆ ಹೇಳದೇ ಇದ್ದರೆ 5-ಪ್ರೈಮ್ ತುದಿಯಲ್ಲಿ ಬರೀ ಹೈಡ್ರಾಕ್ಸಿಲ್ ಇಟ್ಟುಕೊಂಡೇ ಬರುತ್ತದೆ. ಫಾಸ್ಫೇಟ್ ಕೂರಿಸುವ ಕೈನೇಸ್ ಕಿಣ್ವವನ್ನು ಅರ್ಧ ಗಂಟೆ ಆಡಿಸಿದೆ. ಮರುದಿನ ಬೆಳಗ್ಗೆ ಬ್ಯಾಂಡ್ ಮೇಲೆ ಬಂದು ಕೂತಿತ್ತು.

ಪ್ರಶ್ನೆ: ಎಂಆರ್‌ಎನ್‌ಎ ಸ್ಪ್ಲೈಸಿಂಗ್‌ನಲ್ಲಿ ಎಕ್ಸಾನ್‌ಗಳನ್ನು ಜೋಡಿಸುವುದೂ ಆರ್‌ಎನ್‌ಎ ಲೈಗೇಸ್ ಅಲ್ವಾ? (ಇಬ್ಬರು ಇದನ್ನೇ ಕೇಳಿದ್ದಾರೆ)

ಅಲ್ಲ. ಪಾಠ ಮಾಡುವ ಮೊದಲ ವರ್ಷ ನಾನೂ ಬೋರ್ಡಿನ ಮೇಲೆ ಹಾಗೇ ಬರೆದು, ಹಿಂದಿನ ಬೆಂಚಿನ ಹುಡುಗಿಯಿಂದ ತಿದ್ದಿಸಿಕೊಂಡಿದ್ದೇನೆ. ಎಂಆರ್‌ಎನ್‌ಎಯ ಕರಡಿನಿಂದ ಇಂಟ್ರಾನ್ ತೆಗೆದು, ಉಳಿಯಬೇಕಾದ ತುಂಡುಗಳನ್ನು, ಅಂದರೆ ಎಕ್ಸಾನ್‌ಗಳನ್ನು, ಸೇರಿಸುವುದೇ ಸ್ಪ್ಲೈಸಿಂಗ್. ಅಲ್ಲಿ ಕೆಲಸ ಮಾಡುವುದು ಸ್ಪ್ಲೈಸಿಯೋಸೋಮ್ ಎಂಬ ದೊಡ್ಡ ಯಂತ್ರ. ಅದು ಕತ್ತರಿಸಿ, ಬಿಟ್ಟು, ಆಮೇಲೆ ಜೋಡಿಸುವುದಿಲ್ಲ. ಒಂದು ಬಂಧ ಮುರಿಯುತ್ತಿರುವ ಹೊತ್ತಿಗೇ ಇನ್ನೊಂದು ಬಂಧ ಕಟ್ಟಿಕೊಳ್ಳುತ್ತದೆ, ಒಂದು ಕೈ ಬಿಡುತ್ತಲೇ ಇನ್ನೊಂದು ಕೈ ಹಿಡಿದ ಹಾಗೆ. ತುದಿ ಬಿಡಿಯಾಗಿ ತೇಲುವುದೇ ಇಲ್ಲವಾದ್ದರಿಂದ ಲೈಗೇಸ್‌ಗೆ ಅಲ್ಲಿ ಕೆಲಸವಿಲ್ಲ.

ಪ್ರಶ್ನೆ: ಆರ್‌ಎನ್‌ಎ ಲೈಗೇಸ್ ಮೊದಲು ಸಿಕ್ಕಿದ್ದು ಒಂದು ವೈರಸ್‌ನಲ್ಲಿ ಅಂತ ಓದಿದೆ. ವೈರಸ್‌ಗೆ ಆರ್‌ಎನ್‌ಎ ಜೋಡಿಸುವ ಉಸಾಬರಿ ಏನಕ್ಕೆ? (ನಿವೃತ್ತ ಎಂಜಿನಿಯರ್)

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ.

ಟಿ4 ಅಂತ ಒಂದು ವೈರಸ್. ಅದು ನಮಗೆ ಅಂಟುವುದಿಲ್ಲ, ಇ. ಕೋಲೈ ಬ್ಯಾಕ್ಟೀರಿಯಾಗೆ ಅಂಟುತ್ತದೆ. 1972ರಲ್ಲಿ ಸಿಲ್ಬರ್, ಮಾಲತಿ ಮತ್ತು ಹರ್ವಿಟ್ಜ್ ಎಂಬ ಮೂವರು, ಟಿ4 ತಗುಲಿದ ಬ್ಯಾಕ್ಟೀರಿಯಾಗಳಿಂದ ಆರ್‌ಎನ್‌ಎ ಜೋಡಿಸುವ ಕಿಣ್ವವನ್ನು ಬೇರ್ಪಡಿಸಿದರು. ಲ್ಯಾಬ್‌ಗಳು ಅದನ್ನು ಮುಗಿಬಿದ್ದು ಬಳಸತೊಡಗಿದವು. ಇವತ್ತೂ ಬಳಸುತ್ತಿವೆ. ಆದರೆ ವೈರಸ್‌ಗೆ ಅದರಿಂದ ಏನು ಲಾಭ ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಆ ಜೀನ್ ಕೆಟ್ಟುಹೋದ ವೈರಸ್ ಕೂಡ ಲ್ಯಾಬಿನ ಮಾಮೂಲಿ ಇ. ಕೋಲೈನಲ್ಲಿ ಆರಾಮಾಗಿ ಬೆಳೆಯುತ್ತಿತ್ತು. ಸಾಲದ್ದಕ್ಕೆ, ಇದೇ ಪ್ರೋಟೀನ್ ವೈರಸ್‌ನ ಬಾಲಕ್ಕೆ ಕಾಲಿನಂಥ ಎಳೆಗಳನ್ನು ಕೂರಿಸುವುದಕ್ಕೂ ಕೈ ಜೋಡಿಸುತ್ತದೆ ಅಂತ ಗೊತ್ತಾಯಿತು. ಒಂದೇ ಪ್ರೋಟೀನ್‌ಗೆ ಸಂಬಂಧವೇ ಇಲ್ಲದ ಎರಡು ಕೆಲಸ!

ಗುಟ್ಟು ಬಿಚ್ಚಿಕೊಂಡದ್ದು ಇ. ಕೋಲೈಯ ಒಂದು ವಿಶೇಷ ತಳಿಯಲ್ಲಿ. ಲೈಗೇಸ್ ಇಲ್ಲದ ಟಿ4 ಆ ತಳಿಯೊಳಗೆ ಹೋಗಿ ಸಿಕ್ಕಿಬಿದ್ದು ಸಾಯುತ್ತದೆ. ಅಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬ್ಯಾಕ್ಟೀರಿಯಾಗಳಿಗೆ ಹೊರಗಿನ ಡಿಎನ್‌ಎಯನ್ನು ಕತ್ತರಿಸುವ ಕಾವಲು ಕಿಣ್ವಗಳಿರುತ್ತವೆ. ಟಿ4 ಒಳಗೆ ಬಂದೊಡನೆ ಎಸ್‌ಟಿಪಿ ಎಂಬ ಪುಟಾಣಿ ಪ್ರೋಟೀನ್ ಬಿಟ್ಟು ಅಂಥ ಒಂದು ಕಾವಲುಗಾರನ ಕೈ ಕಟ್ಟುತ್ತದೆ. ಆದರೆ ಈ ತಳಿಯಲ್ಲಿ ಕಾವಲುಗಾರನ ಬೆನ್ನಿಗೆ ಇನ್ನೊಬ್ಬ ಅಂಟಿಕೊಂಡು ಕೂತಿರುತ್ತಾನೆ. ಅವನ ಹೆಸರು ಪಿಆರ್‌ಆರ್‌ಸಿ. ಕಾವಲುಗಾರ ಸರಿ ಇರುವಷ್ಟು ಕಾಲ ಇವನು ತೆಪ್ಪಗಿರುತ್ತಾನೆ. ಕಾವಲುಗಾರನ ಕೈ ಕಟ್ಟಿದರೋ, ಇವನು ಎಚ್ಚರಾಗುತ್ತಾನೆ. ಎದ್ದವನು ವೈರಸ್ ಮೇಲೆ ಬೀಳುವುದಿಲ್ಲ. ತನ್ನ ಮನೆಯ ಲೈಸಿನ್ ಟಿಆರ್‌ಎನ್‌ಎಯನ್ನೇ ಆಂಟಿಕೋಡಾನ್ ಹತ್ತಿರ ಕತ್ತರಿಸಿಬಿಡುತ್ತಾನೆ! ಲೈಸಿನ್ ಇಲ್ಲದೆ ಪ್ರೋಟೀನ್ ತಯಾರಿ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಸಾಯುತ್ತದೆ, ಜೊತೆಗೆ ಒಳಗಿರುವ ವೈರಸ್ಸೂ ಮರಿ ಮಾಡಲಾಗದೆ ಮುಗಿಯುತ್ತದೆ. ಪಕ್ಕದ ಅಣ್ಣತಮ್ಮಂದಿರು ಉಳಿದುಕೊಳ್ಳುತ್ತಾರೆ.

ಟಿ4 ಇದಕ್ಕೂ ತಯಾರಾಗಿ ಬಂದಿರುತ್ತದೆ. ಆದರೆ ಇಲ್ಲಿ ಮತ್ತೆ ತುದಿಯ ತಕರಾರು. ಪಿಆರ್‌ಆರ್‌ಸಿ ಕತ್ತರಿಸಿದಾಗ ಫಾಸ್ಫೇಟ್ ಉಳಿಯುವುದು ತಪ್ಪು ಕಡೆಗೆ. 3-ಪ್ರೈಮ್ ತುದಿಯಲ್ಲಿ ಅದು ಉಂಗುರದಂತೆ ಬಾಗಿ ಕೂತಿರುತ್ತದೆ, 5-ಪ್ರೈಮ್ ತುದಿ ಬೋಳಾಗಿರುತ್ತದೆ. ಲೈಗೇಸ್ ಇದನ್ನು ಮುಟ್ಟುವುದಿಲ್ಲ, ನನ್ನ ಆರು ದಿನದ ಜೆಲ್‌ನಲ್ಲಿ ಮುಟ್ಟದೇ ಇದ್ದ ಹಾಗೆ. ಅದಕ್ಕೇ ಟಿ4 ಇನ್ನೊಂದು ಕಿಣ್ವವನ್ನೂ ಮಾಡಿಕೊಳ್ಳುತ್ತದೆ, ಪಿಎನ್‌ಕೆಪಿ. ಅದು ಉಂಗುರವನ್ನು ಬಿಡಿಸಿ ತೆಗೆದು ಹಾಕುತ್ತದೆ, 5-ಪ್ರೈಮ್ ತುದಿಗೆ ಹೊಸ ಫಾಸ್ಫೇಟ್ ಕೂರಿಸುತ್ತದೆ. ಆಮೇಲೆ ಲೈಗೇಸ್ ಬಂದು ಬೆಸೆಯುತ್ತದೆ. ಟಿಆರ್‌ಎನ್‌ಎ ಮತ್ತೆ ಸರಿಯಾಗುತ್ತದೆ, ಪ್ರೋಟೀನ್ ತಯಾರಿ ಮುಂದುವರಿಯುತ್ತದೆ, ವೈರಸ್ ಗೆಲ್ಲುತ್ತದೆ.

ನಾನು ಜೆಲ್ ಮುಂದೆ ಕೂತು ಒದ್ದಾಡಿದಾಗ ಅರ್ಧ ಗಂಟೆ ಆಡಿಸಿದ ಕೈನೇಸ್ ಇತ್ತಲ್ಲ, ಅದೂ ಟಿ4ನದೇ. ಇದೇ ಪಿಎನ್‌ಕೆಪಿ.

ಪ್ರಶ್ನೆ: ನಮ್ಮ ದೇಹದಲ್ಲೂ ಈ ಕಿಣ್ವ ಇದೆಯಾ? ಇದ್ದರೆ ಟಿಆರ್‌ಎನ್‌ಎ ಬಿಟ್ಟು ಬೇರೆ ಏನು ಮಾಡುತ್ತದೆ? (ಗೃಹಿಣಿ, ಹಳೆಯ ಓದುಗರು)

ಇದೆ. ಆದರೆ ಅದನ್ನು ಹಿಡಿಯುವುದಕ್ಕೆ ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಮನುಷ್ಯನ ಜೀವಕೋಶಗಳ ಸಾರದಲ್ಲಿ ಟಿಆರ್‌ಎನ್‌ಎ ತುಂಡುಗಳು ಜೋಡಣೆಯಾಗುವುದು 1980ರ ದಶಕದಲ್ಲೇ ಕಂಡಿತ್ತು. ಜೋಡಿಸುವ ಕೈ ಯಾರದು ಅನ್ನುವುದು ತಿಳಿದದ್ದು 2011ರಲ್ಲಿ. ವಿಯೆನ್ನಾದ ತಂಡವೊಂದು ಅದನ್ನು ಗುರುತಿಸಿತು. ಹೆಸರು ಆರ್‌ಟಿಸಿಬಿ. ಅದೇ ವರ್ಷ ಬ್ಯಾಕ್ಟೀರಿಯಾಗಳಲ್ಲೂ, ಅವುಗಳ ಹಾಗೇ ಕಾಣುವ ಬೇರೆ ಬಗೆಯ ಏಕಕೋಶ ಜೀವಿಗಳಾದ ಆರ್ಕಿಯಾಗಳಲ್ಲೂ ಇದರ ನೆಂಟರು ಲೈಗೇಸ್ ಅಂತಲೇ ಸಾಬೀತಾದರು.

ಯಾಕೆ ಇಷ್ಟು ತಡ? ಮುಖ್ಯ ಕಾರಣ, ಇದು ಹಳೆಯ ಲೈಗೇಸ್‌ಗಳ ಹಾಗೆ ಕಾಣುವುದೇ ಇಲ್ಲ. ಎಟಿಪಿ ಬದಲು ಜಿಟಿಪಿ ಬಳಸುತ್ತದೆ. ಲೈಸಿನ್ ಬದಲು ಹಿಸ್ಟಿಡಿನ್ ಮೇಲೆ ಅದನ್ನು ಹೊತ್ತುಕೊಳ್ಳುತ್ತದೆ. ಮ್ಯಾಂಗನೀಸ್ ಬೇಕೇ ಬೇಕು. ಎಲ್ಲಕ್ಕಿಂತ ಮಜಾ ಏನೆಂದರೆ, ಟಿ4 ಕಷ್ಟಪಟ್ಟು ಕಿತ್ತು ಹಾಕಿತಲ್ಲ, 3-ಪ್ರೈಮ್ ತುದಿಯ ಫಾಸ್ಫೇಟ್, ಆರ್‌ಟಿಸಿಬಿಗೆ ಅದೇ ಬೇಕು. ಎದುರಿನ 5-ಪ್ರೈಮ್ ತುದಿ ಬೋಳಾಗಿರಬೇಕು. ಕತ್ತರಿಸಿದವರು ಬಿಟ್ಟುಹೋದ ಫಾಸ್ಫೇಟನ್ನೇ ಬಳಸಿ ಬೆಸೆಯುತ್ತದೆ. ಯೀಸ್ಟ್‌ನಲ್ಲಿ ಟಿಆರ್‌ಎಲ್1 ಎಂಬ ಲೈಗೇಸ್ ಟಿ4ನ ಹಾಗೇ ತುದಿ ತಿದ್ದಿ ಬೆಸೆಯುವ ಜಾತಿಯದು. ನಮ್ಮಲ್ಲಿ ನೇರ ಬೆಸುಗೆ. ಒಂದೇ ಕೆಲಸಕ್ಕೆ ಎರಡು ದಾರಿ.

ಇನ್ನು ಟಿಆರ್‌ಎನ್‌ಎ ಬಿಟ್ಟು ಬೇರೆ ಕೆಲಸ. ಜೀವಕೋಶದಲ್ಲಿ ಪ್ರೋಟೀನ್‌ಗಳನ್ನು ಮಡಚಿ ಹೊರಗೆ ಕಳಿಸುವ ಒಂದು ಜಾಗ ಇದೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಅಲ್ಲಿ ಸರಿಯಾಗಿ ಮಡಚದ ಪ್ರೋಟೀನ್ ಗುಡ್ಡೆ ಬಿದ್ದರೆ ಅಪಾಯ. ಆಗ ಐಆರ್‌ಇ1 ಎಂಬ ಪ್ರೋಟೀನ್ ಎಚ್ಚರಗೊಂಡು, ಎಕ್ಸ್‌ಬಿಪಿ1 ಎಂಬ ಎಂಆರ್‌ಎನ್‌ಎಯಿಂದ ಸರಿಯಾಗಿ 26 ಅಕ್ಷರ ಕತ್ತರಿಸಿ ತೆಗೆಯುತ್ತದೆ. ಉಳಿದ ಎರಡು ತುಂಡನ್ನು ಆರ್‌ಟಿಸಿಬಿ ಜೋಡಿಸುತ್ತದೆ.

26 ಅಕ್ಷರದಲ್ಲಿ ಏನಿದೆ ಅಂತೀರಾ? 26 ಮೂರರಿಂದ ಭಾಗವಾಗುವುದಿಲ್ಲ. ರೈಬೋಸೋಮ್ ಓದುವುದು ಮೂರು ಮೂರು ಅಕ್ಷರ. ಹಾಗಾಗಿ ಬೆಸುಗೆಯಾದ ಜಾಗದಿಂದ ಮುಂದೆ ಓದುವ ರೀತಿಯೇ ಬದಲಾಗುತ್ತದೆ. ಮೊದಲು 261 ಅಮೈನೋ ಆಮ್ಲಕ್ಕೆ ಮುಗಿಯುತ್ತಿದ್ದ ಪ್ರೋಟೀನ್ ಈಗ 376ರವರೆಗೆ ಬೆಳೆಯುತ್ತದೆ. ಹೊಸ ಬಾಲ ಬಂದ ಆ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗಿ, ಮಡಚುವ ಕೆಲಸಕ್ಕೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪ್ರತಿಕಾಯಗಳನ್ನು ಹೊರಕ್ಕೆ ಸುರಿಯುವ ಪ್ಲಾಸ್ಮಾ ಕೋಶಗಳಿಗೆ ಇದು ತುಂಬಾ ಮುಖ್ಯ. ಲೈಗೇಸ್ ಇಲ್ಲದಿದ್ದರೆ ಅವು ಸಾಕಷ್ಟು ಪ್ರತಿಕಾಯ ಸುರಿಸಲಾರವು.

ಯೀಸ್ಟ್‌ನಲ್ಲಿ ಇದೇ ನಾಟಕ ಎಚ್‌ಎಸಿ1 ಎಂಬ ಎಂಆರ್‌ಎನ್‌ಎ ಮೇಲೆ ನಡೆಯುತ್ತದೆ, ಅಲ್ಲಿ ತೆಗೆಯುವುದು 252 ಅಕ್ಷರ. ಅದನ್ನು ಜೋಡಿಸುವುದು ಟಿಆರ್‌ಎನ್‌ಎ ಲೈಗೇಸೇ ಅಂತ 1996ರಲ್ಲಿ ಪೀಟರ್ ವಾಲ್ಟರ್ ಅವರ ಲ್ಯಾಬ್ ತೋರಿಸಿತು. ಹಿಂದಿನ ಪ್ರಶ್ನೆಯೊಂದರಲ್ಲಿ "ಅಲ್ಲ" ಅಂದೆನಲ್ಲ, ಎಂಆರ್‌ಎನ್‌ಎ ಸ್ಪ್ಲೈಸಿಂಗ್‌ಗೆ ಲೈಗೇಸ್ ಬೇಡ ಅಂತ? ಇದು ಅದಕ್ಕೆ ಅಪವಾದ. ಪರೀಕ್ಷೆಯಲ್ಲಿ ಬರೆದರೆ ಎರಡನ್ನೂ ಬರೆಯಿರಿ.

ನಮ್ಮಲ್ಲಿ ಇನ್ನೊಂದು ಲೈಗೇಸ್ ಕೂಡ ಇದೆ, ಆರ್‌ಎಲ್‌ಐಜಿ1. ಇದು ಎಟಿಪಿ ಬಳಸುವ ಹಳೆಯ ಜಾತಿಯದು, ಬೆಳಕಿಗೆ ಬಂದದ್ದು 2023ರಲ್ಲಿ. ಇದಿಲ್ಲದ ಜೀವಕೋಶಗಳು ಆಕ್ಸಿಡೇಟಿವ್ ಒತ್ತಡವನ್ನು (ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳ ಹಾವಳಿಯನ್ನು) ಅಷ್ಟಾಗಿ ತಾಳುವುದಿಲ್ಲ.

ಪ್ರಶ್ನೆ: ಇದರಿಂದ ಯಾವುದಾದರೂ ರೋಗಕ್ಕೆ ಔಷಧಿ ಬರುತ್ತದಾ? (ಔಷಧ ಅಂಗಡಿ ನಡೆಸುವವರು)

ಆಸೆ ಇದೆ, ಕಾರಣವೂ ಇದೆ. ಆಫ್ರಿಕಾದ ನಿದ್ರೆ ರೋಗ ತರುವ ಟ್ರಿಪನೊಸೋಮಾ ಎಂಬ ಪರಾವಲಂಬಿ ತನ್ನ ಮೈಟೊಕಾಂಡ್ರಿಯಾದ ಎಂಆರ್‌ಎನ್‌ಎಗಳನ್ನು ಕತ್ತರಿಸಿ, ನಡುವೆ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಯು ಸೇರಿಸಿ ಅಥವಾ ತೆಗೆದು, ಮತ್ತೆ ಬೆಸೆಯುತ್ತದೆ. ಹಾಗೆ ತಿದ್ದದ ಹೊರತು ಅನೇಕ ಎಂಆರ್‌ಎನ್‌ಎಗಳಿಗೆ ಅರ್ಥವೇ ಇಲ್ಲ. ಅದರ ಆರ್‌ಇಎಲ್1 ಲೈಗೇಸ್ ನಿಂತರೆ ಪರಾವಲಂಬಿ ಬದುಕದು. ನಮ್ಮಲ್ಲಿ ಈ ತಿದ್ದುಪಡಿ ಇಲ್ಲ. ಶಿಲೀಂಧ್ರಗಳ ಟಿಆರ್‌ಎಲ್1 ಕೂಡ ನಮ್ಮ ಆರ್‌ಟಿಸಿಬಿಗಿಂತ ಪೂರ್ತಿ ಬೇರೆ. ಅವರದ್ದನ್ನು ಹೊಡೆದರೆ ನಮಗೆ ಪೆಟ್ಟು ಬೀಳಬಾರದು ಅನ್ನುವುದು ಲೆಕ್ಕಾಚಾರ. ನಿಮ್ಮ ಕಪಾಟಿಗೆ ಬರುವಷ್ಟು ಅದಿನ್ನೂ ಬೆಳೆದಿಲ್ಲ.

ಪ್ರಶ್ನೆ: ಪ್ರೋಟೀನ್ ಇಲ್ಲದೆ ಬರೀ ಆರ್‌ಎನ್‌ಎ ತಾನೇ ಲೈಗೇಸ್ ಕೆಲಸ ಮಾಡಬಹುದಾ? (ಪ್ರೌಢಶಾಲೆ ಶಿಕ್ಷಕಿ)

ಮಾಡಬಹುದು. 1993ರಲ್ಲಿ ಬಾರ್ಟೆಲ್ ಮತ್ತು ಶೋಸ್ಟಾಕ್ ಎಂಬ ಇಬ್ಬರು ವಿಜ್ಞಾನಿಗಳು ಸೇರಿ, ಮನಸ್ಸಿಗೆ ಬಂದಂತೆ ಅಕ್ಷರ ಜೋಡಿಸಿದ ಸಾವಿರ ಲಕ್ಷ ಕೋಟಿಗಿಂತ ಜಾಸ್ತಿ ಆರ್‌ಎನ್‌ಎಗಳ ರಾಶಿಯಿಂದ, ಜೋಡಿಸುವ ಶಕ್ತಿ ಇದ್ದವನ್ನು ಸೋಸಿ ತೆಗೆದರು. ಸೋಸುವ ಉಪಾಯ ಸರಳ. ಯಾವುದು ತನ್ನ ತುದಿಗೆ ಇನ್ನೊಂದು ಆರ್‌ಎನ್‌ಎಯನ್ನು ಬೆಸೆದುಕೊಂಡಿತೋ ಅದನ್ನಷ್ಟೇ ಉಳಿಸಿ, ಬೆಳೆಸಿ, ಮತ್ತೆ ಸೋಸುವುದು.

ಪ್ರಶ್ನೆ: ಜೀವಕೋಶದ ತುಂಬಾ ಆರ್‌ಎನ್‌ಎ ತುಂಡುಗಳೇ ಇವೆಯಲ್ಲ. ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಅಂತ ಲೈಗೇಸ್‌ಗೆ ಹೇಗೆ ಗೊತ್ತಾಗುತ್ತದೆ? (ಅದೇ ಬಿ.ಎಸ್ಸಿ. ವಿದ್ಯಾರ್ಥಿನಿ, ಎರಡನೇ ಪತ್ರ)

ಬಹಳ ಮಟ್ಟಿಗೆ, ಗೊತ್ತಾಗಬೇಕಾಗಿಯೇ ಇಲ್ಲ. ಕತ್ತರಿಸಿದ ಮೇಲೂ ಆ ಎರಡು ತುಂಡು ಬೇರೆ ಬೇರೆ ದಿಕ್ಕಿಗೆ ತೇಲಿ ಹೋಗುವುದಿಲ್ಲ. ಟಿಆರ್‌ಎನ್‌ಎಯ ಎರಡು ಅರ್ಧಗಳು ಅಕ್ಷರಕ್ಕೆ ಅಕ್ಷರ ಕೂಡಿಕೊಂಡು, ಮೊದಲಿನ ಮಡಿಕೆಯಲ್ಲೇ ಕೂತಿರುತ್ತವೆ. ಕತ್ತರಿಸಿದ ಎರಡು ತುದಿಗಳು ಒಂದೇ ಕುಣಿಕೆಯ ಎರಡು ಬದಿಯಲ್ಲಿ ಹತ್ತಿರ ಹತ್ತಿರ ಇರುತ್ತವೆ. ಎಕ್ಸ್‌ಬಿಪಿ1 ಕಥೆಯೂ ಅಷ್ಟೇ, ಎರಡು ಕಡೆಯ ಎಕ್ಸಾನ್‌ಗಳು ಜಿಪ್ ಹಾಕಿದ ಹಾಗೆ ಹಿಡಿದುಕೊಂಡಿರುತ್ತವೆ. ಲೈಗೇಸ್ ಬರುವ ಹೊತ್ತಿಗೆ ಜೋಡಿ ಯಾರು ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ.

ಆ ಮಡಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಟ್ಯೂಬ್‌ನಲ್ಲಿ ನೋಡಬಹುದು. ನನ್ನ ಆ ಹಳೆಯ ಜೆಲ್‌ಗೇ ಮತ್ತೆ ಬರುತ್ತೇನೆ. ಫಾಸ್ಫೇಟ್ ಕೂರಿಸಿದ ಮೇಲೆ ಬ್ಯಾಂಡ್ ಮೇಲೆ ಬಂತು ಅಂದೆನಲ್ಲ, ಅದರ ಜೊತೆ ನಾನು ಕೇಳದೇ ಇದ್ದ ಇನ್ನೊಂದು ಬ್ಯಾಂಡೂ ಬಂದಿತ್ತು, ಯಾವ ಉದ್ದಕ್ಕೂ ತಾಳೆಯಾಗದ ಜಾಗದಲ್ಲಿ. ಎರಡನೇ ತುಂಡಿಗೆ ಜೋಡಿ ಸಿಗುವ ಮೊದಲೇ ಲೈಗೇಸ್ ಅದರ ಬಾಲವನ್ನು ಅದರದೇ ತಲೆಗೆ ಬೆಸೆದು ಉಂಗುರ ಮಾಡಿತ್ತು.